ಬೋನಸ್ಸಿಗೆ ಜೀವ ಒತ್ತೆಯೇ?

ಮಳೆಗಾಲದ ರಾತ್ರಿ ಕುಂದಾಪುರದ ಶಾಸ್ತ್ರಿ ಸರ್ಕಲ್‌ನಲ್ಲಿ ಐದು ನಿಮಿಷ ನಿಂತು ನೋಡಿ. ರೈನ್‌ಕೋಟು ತೊಟ್ಟ ಹುಡುಗ, ಬೆನ್ನಿಗೆ ಊಟದ ಚೀಲ, ಹ್ಯಾಂಡಲ್‌ಗೆ ಸಿಕ್ಕಿಸಿದ ಮೊಬೈಲಿಗೆ ಪ್ಲಾಸ್ಟಿಕ್ ಹೊದಿಕೆ. ಒಂದು ಕಣ್ಣು ಪರದೆಯ ಮೇಲೆ, ಇನ್ನೊಂದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ. ಯು-ಟರ್ನ್‌ವರೆಗೆ ಹೋಗಿ ಬಂದರೆ ಹೊತ್ತು ಮೀರುತ್ತದೆಂದು ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿಗೇ ಗಾಡಿ ತಿರುಗಿಸುತ್ತಾನೆ. ಬ್ರಹ್ಮಾವರ, ಬೈಂದೂರಿನಲ್ಲೂ ಇದೇ ಕಥೆ. ದಂಡ ಹಾಕಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಇಷ್ಟು ಹೊತ್ತಿನೊಳಗೆ ಇಷ್ಟು ಆರ್ಡರ್ ಮುಟ್ಟಿಸಿದರಷ್ಟೇ ಪ್ರೋತ್ಸಾಹಧನ ಎಂಬ ಲೆಕ್ಕವೇ ಅವನ ಆಕ್ಸಿಲರೇಟರ್ ತಿರುಗಿಸುತ್ತಿದೆ.

ಆ್ಯಪ್ ಆಧಾರಿತವಾಗಿ ದುಡಿಯುವ ಇಂಥ ಗಿಗ್ ಕಾರ್ಮಿಕರಿಗಾಗಿ ರಾಜ್ಯ 2025ರಲ್ಲಿ ಕಾಯ್ದೆ ತಂದಿದೆ. ಕಾರ್ಮಿಕರಿಗೆ ಸಲ್ಲುವ ಪಾವತಿಯ ಮೇಲೆ ಕಂಪನಿಗಳಿಂದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಪಡೆಯಲು ಅವಕಾಶವಿದೆ. ಒಳ್ಳೆಯ ಹೆಜ್ಜೆ. ಆದರೆ ಪರಿಹಾರ ಸಿಗುವುದು ಬಿದ್ದ ಮೇಲೆ. ಬೀಳದಂತೆ ನೋಡಿಕೊಳ್ಳುವವರು ಯಾರು?

ವೇಗಕ್ಕೆ ಕೊಡುವ ಬೋನಸ್ಸನ್ನು ಕಂಪನಿಗಳು ಮೂಲ ದರಕ್ಕೇ ಸೇರಿಸಲಿ, ಮಳೆಯ ದಿನ ಗಡುವು ಸಡಿಲಿಸಲಿ. ಕಾರ್ಮಿಕ ಇಲಾಖೆ ಈ ಮೂರೂ ತಾಲ್ಲೂಕುಗಳಲ್ಲಿ ಗಿಗ್ ಕಾರ್ಮಿಕರ ನೋಂದಣಿ ಶಿಬಿರ ನಡೆಸಲಿ. ಓದುಗರಲ್ಲೂ ಒಂದು ವಿನಂತಿ: ಊಟ ಹತ್ತು ನಿಮಿಷ ತಡವಾಗಿ ಬಂದರೆ ಆ ಹುಡುಗನನ್ನು ಗದರಬೇಡಿ, ಸ್ಟಾರ್ ಕಡಿಮೆ ಮಾಡಬೇಡಿ.