ಊಟಿಯಲ್ಲಿ ಮೂರು ದಿನ, ಅವಸರವಿಲ್ಲದೆ



ಮಕ್ಕಳ ಪರೀಕ್ಷೆ ಮುಗಿಯುತ್ತಿದ್ದಂತೆ ಮನೆಯಲ್ಲಿ ಪ್ರವಾಸದ ಮಾತು ಏಳುತ್ತದೆ. ಗಂಡಸರು ಮೊಬೈಲಿನಲ್ಲಿ ದೂರ ಲೆಕ್ಕ ಹಾಕುತ್ತಾರೆ. ಮಕ್ಕಳು ಊಟಿ ಎನ್ನುತ್ತಾರೆ. ಮೈದುನನ ಮನೆಯವರೂ, ನಾದಿನಿಯ ಮಕ್ಕಳೂ ಸೇರಿ ಹದಿನಾಲ್ಕು ಸೀಟಿನ ಟೆಂಪೋ ಗೊತ್ತಾಗುತ್ತದೆ. ರಾತ್ರಿ ಹೊರಟರೆ ಬೆಳಿಗ್ಗೆ ಅಲ್ಲಿ, ಹಗಲಿಡೀ ನೋಡಿ ಮರುದಿನ ವಾಪಸ್ಸು ಎಂದು ತೀರ್ಮಾನವೂ ಆಗಿಬಿಡುತ್ತದೆ. ಇಷ್ಟರಲ್ಲಿ ನಿಮ್ಮನ್ನು ಯಾರಾದರೂ ಏನಾದರೂ ಕೇಳಿದ್ದರೆ ಅದು ಒಂದೇ ಪ್ರಶ್ನೆ: "ದಾರಿಗೆ ತಿನ್ನಲು ಏನು ಮಾಡ್ತೀ?"

ಆಮೇಲಿನದ್ದು ನಿಮಗೆ ಗೊತ್ತೇ ಇದೆ. ಹೊರಡುವ ದಿನ ನಸುಕಿನಿಂದಲೇ ಪತ್ತಿರ್, ಕೋಳಿ ಸುಕ್ಕ, ಮೊಟ್ಟೆ, ಮಗುವಿಗೆ ಬೇರೆ ಗಂಜಿ. ಚೀಲ ಕಟ್ಟುವವರು ನೀವು, ಅತ್ತೆಯ ಮಾತ್ರೆ ನೆನಪಿಡುವವರು ನೀವು. ತಿರುವಿನಲ್ಲಿ ವಾಂತಿ ಮಾಡುವ ಮಗುವನ್ನು ಹಿಡಿದುಕೊಳ್ಳುವವರೂ ನೀವೇ. ಅಲ್ಲಿ ತಲುಪಿದ ಮೇಲೆ ಡ್ರೈವರ್ ಎಂಟು 'ಪಾಯಿಂಟ್'ಗಳ ಪಟ್ಟಿ ಹಿಡಿದು ನಿಲ್ಲುತ್ತಾನೆ. ಒಂದೊಂದು ಕಡೆ ಇಪ್ಪತ್ತು ನಿಮಿಷ. ಮನೆಗೆ ಬಂದಾಗ ಎರಡು ಬಕೆಟ್ ಒಗೆಯುವ ಬಟ್ಟೆ, ಸೊಂಟ ನೋವು.

ನನ್ನ ಪರಿಚಯದ ಒಬ್ಬರು ಹಿರಿಯರಿದ್ದಾರೆ. ಮದುವೆಯಾಗಿ ನಲ್ವತ್ತು ವರ್ಷದ ಮೇಲೆ ಮೊದಲ ಸಲ ಮಕ್ಕಳು ಅವರನ್ನು ಊಟಿಗೆ ಕರೆದೊಯ್ದರು. ಮಂಡಿ ನೋವಿನಿಂದ ಅವರಿಗೆ ಏರು ಹತ್ತಲಾಗುವುದಿಲ್ಲ. "ನೀವು ಹೋಗಿ ಬನ್ನಿ ಮಕ್ಕಳೇ, ನಾನು ಇಲ್ಲೇ ಕೂರ್ತೇನೆ" ಎಂದು ಪ್ರತಿಯೊಂದು ಕಡೆಯೂ ಗಾಡಿಯಲ್ಲೇ ಉಳಿದರು. "ಊಟಿ ಹೇಗಿತ್ತು?" ಎಂದು ಕೇಳಿದಾಗ ಅವರು ನಕ್ಕು ಹೇಳಿದ ಮಾತು, "ಗಾಡಿ ನಿಲ್ಲಿಸುವ ಜಾಗ ಎಲ್ಲಾ ನೋಡಿದೆ." ಮಕ್ಕಳು ಕೆಟ್ಟವರಲ್ಲ, ಉಮ್ಮನ ಮೇಲೆ ಜೀವವನ್ನೇ ಇಟ್ಟುಕೊಂಡಿದ್ದಾರೆ. ಆದರೆ ಯೋಜನೆ ಹಾಕುವಾಗ ಅವರ ಮಂಡಿ ಯಾರ ಲೆಕ್ಕದಲ್ಲೂ ಇರಲಿಲ್ಲ.

ಆದ್ದರಿಂದ ಈ ಸಲದ ಯೋಜನೆಯನ್ನು ನೀವು ಹಾಕಿ. ಊಟಿಯನ್ನೇ ತೆಗೆದುಕೊಳ್ಳೋಣ. ನಮ್ಮ ಕಡೆಯವರು ಹೆಚ್ಚು ಹೋಗುವುದೂ ಅಲ್ಲಿಗೇ, ಹೆಚ್ಚು ದಣಿದು ಬರುವುದೂ ಅಲ್ಲಿಂದಲೇ.

ಮೊದಲು ಆ 'ರಾತ್ರಿ ಹೊರಡುವ' ಮಾತನ್ನು ಬಿಡಿಸಬೇಕು. ಬಂಡೀಪುರದ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಖಾಸಗಿ ವಾಹನಗಳಿಗೆ ಪ್ರವೇಶವಿಲ್ಲ. ರಾತ್ರಿಯಿಡೀ ಓಡಿಸಿಕೊಂಡು ಬಂದವರು ಗೇಟಿನ ಮುಂದೆ ಬೆಳಗಾಗುವುದನ್ನು ಕಾಯುತ್ತಾರೆ. ನಿದ್ದೆಗೆಟ್ಟ ಡ್ರೈವರ್ ಅಲ್ಲಿಂದ ಮುಂದೆ ಘಾಟಿ ಹತ್ತಬೇಕು. ಮಂಗಳೂರು ಕಡೆಯಿಂದ ಹೋಗುವವರು ಒಂದು ರಾತ್ರಿ ಮೈಸೂರಿನಲ್ಲಿ ಉಳಿಯುವುದು ಒಳ್ಳೆಯದು. ಒಂದು ರಾತ್ರಿಯ ಕೋಣೆ ಬಾಡಿಗೆ ದಂಡ ಎಂದು ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಮೊದಲ ದಿನವಿಡೀ ಎಲ್ಲರೂ ತೂಕಡಿಸುತ್ತಾ, ಸಿಡುಕುತ್ತಾ ಕಳೆಯುವುದೂ ದಂಡವೇ ಎಂದು ಉತ್ತರಿಸಿ.

ಮೈಸೂರಿನಿಂದ ಬೆಳಿಗ್ಗೆ ತಿಂಡಿ ತಿಂದು ಹೊರಟರೆ ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ, ಮುದುಮಲೈ, ಗೂಡಲೂರು ದಾರಿಯಾಗಿ ಸುಮಾರು 5 ತಾಸು. ತೆಪ್ಪಕಾಡಿನಲ್ಲಿ ರಸ್ತೆ ಎರಡಾಗುತ್ತದೆ. ಮಸಿನಗುಡಿ, ಕಲ್ಲಟ್ಟಿ ದಾರಿ ಹತ್ತಿರದ್ದು ನಿಜ. ಆದರೆ ಅದು 36 ಹೇರ್‌ಪಿನ್ ತಿರುವುಗಳ ಕಡಿದಾದ ಏರು, ಅಪಘಾತಗಳಿಗೆ ಹೆಸರಾದದ್ದು. ಮಕ್ಕಳು, ಮುದುಕರು ಇರುವ ಗಾಡಿಗೆ ಗೂಡಲೂರಿನ ದಾರಿಯೇ ಸರಿ. ಉಳಿಯುವ ಅರ್ಧ ತಾಸಿಗಾಗಿ ಹೊಟ್ಟೆ ತೊಳಸಿಕೊಳ್ಳುವುದು ಏಕೆ?

ಮುಖ್ಯವಾದ ಇನ್ನೊಂದು ಮಾತನ್ನು ಗಂಡಸರು ಯೋಚಿಸುವುದಿಲ್ಲ. ಶೌಚಕ್ಕೆ ಹೋಗುವುದನ್ನು ಗುಂಡ್ಲುಪೇಟೆಯಲ್ಲೇ ಮುಗಿಸಿಕೊಳ್ಳಿ. ಅಲ್ಲಿಂದ ಗೂಡಲೂರಿನವರೆಗೆ ಸುಮಾರು 50 ಕಿ.ಮೀ. ಬಹುಪಾಲು ಹುಲಿ ರಕ್ಷಿತಾರಣ್ಯ. ಕಾಡಿನೊಳಗೆ ಗಾಡಿ ನಿಲ್ಲಿಸುವುದು, ಇಳಿಯುವುದು ನಿಷಿದ್ಧ. ದಾರಿಯಲ್ಲಿ ಶೌಚಾಲಯ ಸಿಗದೆಂಬ ಹೆದರಿಕೆಯಿಂದ ಬೆಳಗಿನಿಂದ ನೀರೇ ಕುಡಿಯದೆ ಪ್ರಯಾಣ ಮಾಡುವ ಎಷ್ಟೋ ಹೆಂಗಸರನ್ನು ನಾನು ಬಲ್ಲೆ. ತಲೆನೋವು, ಉರಿಮೂತ್ರ ಎರಡಕ್ಕೂ ಅದೇ ಕಾರಣ. ಎಲ್ಲಿ ನಿಲ್ಲಿಸಬೇಕು ಎಂದು ಮೊದಲೇ ಗಟ್ಟಿಯಾಗಿ ಹೇಳಿಟ್ಟರೆ ನೀರು ಧಾರಾಳವಾಗಿ ಕುಡಿಯಬಹುದು. ಇದರಲ್ಲಿ ನಾಚಿಕೆ ಪಡಬೇಕಾದದ್ದೇನೂ ಇಲ್ಲ.

ತಿರುವಿನ ದಾರಿಯಲ್ಲಿ ವಾಂತಿಯಾಗುವವರು ಬರಿ ಹೊಟ್ಟೆಯಲ್ಲೂ ಹೋಗಬಾರದು, ಎಣ್ಣೆ ಪದಾರ್ಥ ತಿಂದೂ ಹೋಗಬಾರದು. ಎರಡು ಇಡ್ಲಿ ಸಾಕು. ಮುಂದಿನ ಸೀಟಿನಲ್ಲಿ ಕೂತು ದೂರದ ರಸ್ತೆಯನ್ನೇ ನೋಡಬೇಕು. ಮಕ್ಕಳ ಕೈಯಿಂದ ಮೊಬೈಲ್ ತೆಗೆದಿಟ್ಟರೆ ಅರ್ಧ ತೊಂದರೆ ಕಡಿಮೆ. ಕಣ್ಣು ಪರದೆಯ ಮೇಲೆ ನಿಂತು ದೇಹ ಮಾತ್ರ ಓಲಾಡಿದಾಗಲೇ ಹೊಟ್ಟೆ ತೊಳಸುವುದು. ಮಾತ್ರೆ ಕೊಡುವುದಾದರೆ ವೈದ್ಯರನ್ನು ಕೇಳಿ, ಏರು ಶುರುವಾಗುವ ಮೊದಲೇ ಕೊಡಿ. ವಾಂತಿಯಾದ ಮೇಲೆ ಕೊಟ್ಟ ಮಾತ್ರೆ ವಾಂತಿಯ ಜೊತೆಗೇ ಹೋಗುತ್ತದೆ.

ಸ್ವಂತ ಅಥವಾ ಬಾಡಿಗೆ ವಾಹನದಲ್ಲಿ ಹೋಗುವವರಿಗೆ ಇ-ಪಾಸ್ ಬೇಕು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಇದು ಜಾರಿಗೆ ಬಂತು. 2025ರ ಬೇಸಗೆಯಲ್ಲಿ ದಿನಕ್ಕೆ ಇಷ್ಟೇ ವಾಹನಗಳು ಎಂಬ ಮಿತಿಯನ್ನೂ ಹಾಕಿದರು, ವಾರದ ದಿನಗಳಲ್ಲಿ 6,000, ಶನಿವಾರ ಭಾನುವಾರ 8,000. ತಮಿಳುನಾಡು ಸರಕಾರದ ಜಾಲತಾಣದಲ್ಲಿ ಮೊದಲೇ ನೋಂದಾಯಿಸಿಕೊಳ್ಳಿ. ಸರಕಾರಿ ಬಸ್ಸಿನಲ್ಲಿ ಹೋಗುವವರಿಗೆ ಈ ರಗಳೆ ಇಲ್ಲ. ಪ್ಲಾಸ್ಟಿಕ್ ನೀರಿನ ಬಾಟಲಿ, ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ನೀಲಗಿರಿಯ ಚೆಕ್‌ಪೋಸ್ಟಿನಲ್ಲಿ ಕಿತ್ತುಕೊಳ್ಳುತ್ತಾರೆ. ಮನೆಯಿಂದಲೇ ಸ್ಟೀಲ್ ಬಾಟಲಿ ಒಯ್ಯಿರಿ.

ಕೋಣೆ ಗೊತ್ತು ಮಾಡುವಾಗ ಬಾಡಿಗೆಯೊಂದನ್ನೇ ಕೇಳಿ ಫೋನ್ ಇಡಬೇಡಿ. ಊಟಿಯ ಕಟ್ಟಡಗಳು ಇಳಿಜಾರಿನಲ್ಲಿವೆ. 'ನೆಲ ಅಂತಸ್ತು' ಎನ್ನುವ ಕೋಣೆಗೂ ರಸ್ತೆಯಿಂದ ಮೂವತ್ತು ಮೆಟ್ಟಿಲು ಇರಬಹುದು. ಆದ್ದರಿಂದ "ಗಾಡಿಯಿಂದ ಇಳಿದರೆ ಎಷ್ಟು ಮೆಟ್ಟಿಲು?" ಎಂದೇ ಕೇಳಿ. ಬಿಸಿನೀರು ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಎಂದು ಕೇಳಿ, ಬೆಳಗಿನ ನಮಾಝ್‌ಗೆ ಎದ್ದಾಗ ವುಝೂವಿಗೆ ತಣ್ಣೀರು ಮುಟ್ಟಲಾಗದು. ಹೆಚ್ಚುವರಿ ಕಂಬಳಿ ಇದೆಯೇ? ಶೌಚಾಲಯ ಪಾಶ್ಚಾತ್ಯ ಮಾದರಿಯದ್ದೇ? ಅತ್ತೆ ಮಾವ ಜೊತೆಗಿದ್ದರೆ ನೋಟ ಚೆನ್ನಾಗಿರುವ ಕೋಣೆಯನ್ನು ಅವರಿಗೆ ಬಿಡಿ. ಹೊರಗೆ ಸುತ್ತಲಾಗದ ದಿನ ಕಿಟಕಿಯಿಂದಲಾದರೂ ಬೆಟ್ಟ ಕಾಣುತ್ತದೆ.

ಅಡುಗೆಮನೆ ಇರುವ ಕಾಟೇಜ್ ಸಿಗುತ್ತದೆ, ಅಗ್ಗ, ನಾವೇ ಮಾಡಿಕೊಳ್ಳಬಹುದು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಈ 'ನಾವೇ' ಎಂದರೆ ಯಾರು ಎಂಬುದು ನಮಗೆಲ್ಲ ಗೊತ್ತು. ಅಷ್ಟಲ್ಲದೆ ಊಟಿ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ. ಅಲ್ಲಿ ನೀರು 100 ಡಿಗ್ರಿಗಲ್ಲ, ಸುಮಾರು 93 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ಅನ್ನ, ಬೇಳೆ ಬೇಯಲು ಮನೆಗಿಂತ ಹೆಚ್ಚು ಹೊತ್ತು ಬೇಕು. ಮಲಬಾರಿನ ಮುಸ್ಲಿಮರು ನಡೆಸುವ ಹೋಟೆಲುಗಳು ಗೂಡಲೂರಿನಲ್ಲೂ ಊಟಿ ಪೇಟೆಯಲ್ಲೂ ಇವೆ, ಹಲಾಲ್ ಊಟಕ್ಕೆ ಅಡ್ಡಿಯಿಲ್ಲ. ಮೂರು ದಿನ ಒಲೆ ಮುಟ್ಟದಿದ್ದರೆ ಮನೆ ಮುಳುಗುವುದಿಲ್ಲ.

ಪ್ರಯಾಣಿಕರಿಗೆ ಅಲ್ಲಾಹನು ಎಷ್ಟು ರಿಯಾಯಿತಿ ಕೊಟ್ಟಿದ್ದಾನೆ ನೋಡಿ. ನಾಲ್ಕು ರಕಅತ್‌ನ ನಮಾಝ್ ಎರಡಕ್ಕೆ ಇಳಿಯುತ್ತದೆ. ರಮಝಾನಿನ ಉಪವಾಸವನ್ನೂ ಮುಂದೂಡಬಹುದು. ಪ್ರಯಾಣವೆಂದರೆ ಕಷ್ಟ ಎಂದು ಒಪ್ಪಿ ಕೊಟ್ಟ ಸವಲತ್ತು ಅದು. ಹಾಗಿರುವಾಗ ಮನೆಯಾಕೆಯ ಕೆಲಸ ಮಾತ್ರ ಪ್ರಯಾಣದಲ್ಲಿ ಇಮ್ಮಡಿಯಾಗುವುದು ಹೇಗೆ?

ಇನ್ನು ನೋಡುವ ಜಾಗಗಳು. ನನ್ನ ಸಲಹೆ ಇಷ್ಟೇ: ಮಧ್ಯಾಹ್ನದ ಮೊದಲು ಒಂದು, ಅಸರ್ ನಂತರ ಮನಸ್ಸಿದ್ದರೆ ಇನ್ನೊಂದು. ನಡುವೆ ಊಟ, ನಿದ್ದೆ. ತಲುಪಿದ ದಿನ ಏನೂ ಬೇಡ.

ಮರುದಿನ ಬೆಳಿಗ್ಗೆ ಸಸ್ಯೋದ್ಯಾನ. 1848ರಲ್ಲಿ ಶುರುವಾದ ತೋಟ, ಸುಮಾರು 55 ಎಕರೆ. ಅದು ದೊಡ್ಡಬೆಟ್ಟದ ಇಳಿಜಾರಿನಲ್ಲಿದೆ, ಮೇಲಕ್ಕೆ ಹೋದಂತೆ ಏರು. ಇಡೀ ತೋಟ ಸುತ್ತಲೇಬೇಕೆಂಬ ಹಠ ಬೇಡ. ಕೆಳಗಿನ ಹುಲ್ಲುಹಾಸು, ಹೂವಿನ ಪಾತಿಗಳೇ ಬೇಕಾದಷ್ಟಾಯಿತು. ಸುಮಾರು 2 ಕೋಟಿ ವರ್ಷದ ಹಿಂದಿನ, ಕಲ್ಲಾಗಿ ಹೋದ ಮರದ ಕಾಂಡವೊಂದು ಅಲ್ಲಿದೆ, ಮಕ್ಕಳಿಗೆ ತೋರಿಸಿ. ಒಂದು ಚಾಪೆ ಒಯ್ದು ಅತ್ತೆಯ ಪಕ್ಕದಲ್ಲಿ ನೀವೂ ಕುಳಿತುಬಿಡಿ. ಗಂಡಸರು ಮಕ್ಕಳನ್ನು ಕರೆದುಕೊಂಡು ಮೇಲೆ ಹತ್ತಿ ಬರಲಿ. ಮೇ ತಿಂಗಳ ಪುಷ್ಪ ಪ್ರದರ್ಶನದ ದಿನಗಳಲ್ಲಿ ಮಾತ್ರ ಅಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಹೂವಿಗಿಂತ ತಲೆಗಳೇ ಹೆಚ್ಚು ಕಾಣುತ್ತವೆ. ಶಾಲೆಗೆ ಹೋಗುವ ಮಕ್ಕಳಿದ್ದರೆ ಏಪ್ರಿಲ್‌ನ ವಾರದ ದಿನಗಳು ಇದ್ದುದರಲ್ಲಿ ವಾಸಿ. ಮಕ್ಕಳು ಚಿಕ್ಕವರಾದರೆ ಫೆಬ್ರವರಿ, ಮಾರ್ಚ್ ಇನ್ನೂ ಒಳ್ಳೆಯದು. ದಸರಾ ರಜೆಯಲ್ಲಿ ಹೋಗುವವರು ಮಳೆಗೂ ಸಿದ್ಧವಾಗಿರಬೇಕು. ಅಕ್ಟೋಬರ್, ನವೆಂಬರ್ ಅಲ್ಲಿ ಹಿಂಗಾರು ಮಳೆಯ ಕಾಲ.

ಮೂರನೆಯ ದಿನ ರೈಲು. ಇದನ್ನು ಮಾತ್ರ ಬಿಡಬೇಡಿ. ಮೆಟ್ಟುಪಾಳ್ಯದಿಂದ ಊಟಿಗೆ 46 ಕಿ.ಮೀ. ಹಳಿ. ಕೂನೂರಿನವರೆಗೆ 1899ರಲ್ಲಿ, ಊಟಿಗೆ 1908ರಲ್ಲಿ ಓಡತೊಡಗಿತು. 2005ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕಡಿದಾದ ಏರಿನಲ್ಲಿ ಜಾರದಂತೆ ಹಳಿಗಳ ನಡುವೆ ಹಲ್ಲಿನ ಪಟ್ಟಿ ಇದೆ, ಇಂಜಿನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಹತ್ತುತ್ತದೆ. ಆದರೆ ಪೂರ್ತಿ ಪ್ರಯಾಣಕ್ಕೆ ಹತ್ತುವಾಗ ಸುಮಾರು 5 ತಾಸು ಬೇಕು. ಸಣ್ಣ ಮಕ್ಕಳು, ಮುದುಕರಿಗೆ ಅದು ಹೆಚ್ಚಾಯಿತು. ಊಟಿಯಿಂದ ಕೂನೂರಿಗೆ ಮಾತ್ರ ಹೋಗಿ, ಒಂದು ತಾಸಿನ ಆಸುಪಾಸು. ಲವ್‌ಡೇಲ್, ಕೇತ್ತಿ, ಅರವಂಕಾಡು, ವೆಲಿಂಗ್ಟನ್ ಎಂಬ ಪುಟ್ಟ ನಿಲ್ದಾಣಗಳು, ಕಣಿವೆ, ಕ್ಯಾರೆಟ್ ಹೊಲಗಳು, ಚಹಾ ತೋಟಗಳು. ಮಂಡಿ ನೋವಿನವರೂ ಕೂತಲ್ಲೇ ಎಲ್ಲವನ್ನೂ ನೋಡಬಹುದು. ರೈಲ್ವೆಯ ಮುಂಗಡ ಬುಕ್ಕಿಂಗ್ 60 ದಿನ ಮೊದಲು ತೆರೆಯುತ್ತದೆ, ರಜೆಯ ದಿನಗಳ ಟಿಕೆಟು ಬೇಗ ಮುಗಿಯುತ್ತದೆ. ಆದ್ದರಿಂದ ಮೊದಲು ರೈಲಿನ ದಿನ ಗೊತ್ತು ಮಾಡಿ, ಉಳಿದದ್ದನ್ನು ಅದಕ್ಕೆ ಹೊಂದಿಸಿ. ಕೂನೂರಿನಲ್ಲಿ ಸಿಮ್ಸ್ ಪಾರ್ಕ್ ನೋಡಿ, ಊಟ ಮಾಡಿ ಗಾಡಿಯಲ್ಲೋ ಬಸ್ಸಿನಲ್ಲೋ ಹಿಂದಿರುಗಿ.

ದೊಡ್ಡಬೆಟ್ಟವನ್ನು ಆಕಾಶ ನೋಡಿ ತೀರ್ಮಾನಿಸಿ. 2,637 ಮೀಟರ್ ಎತ್ತರದ, ನೀಲಗಿರಿಯ ಅತಿ ದೊಡ್ಡ ಶಿಖರ ಅದು. ಮಂಜು ಕವಿದಿದ್ದರೆ ಅಲ್ಲಿಂದ ಕಾಣುವುದು ಬಿಳಿ ಗೋಡೆ ಮಾತ್ರ. ಬೆಳಿಗ್ಗೆ ತಿಳಿಯಾಗಿದ್ದರೆ ಹೋಗಿ, ಇಲ್ಲದಿದ್ದರೆ ಬಿಡಿ. ಹೆಸರು ಕೇಳಿದಿರಲ್ಲ, ದೊಡ್ಡ ಬೆಟ್ಟ! ಅಲ್ಲಿನ ಬಡಗ ಸಮುದಾಯದ ಮಾತು ಕನ್ನಡಕ್ಕೆ ತೀರಾ ಹತ್ತಿರ. ಬಡಗು ಎಂದರೆ ಉತ್ತರ ದಿಕ್ಕು, ಬಡಗರು ಉತ್ತರದ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರು ಎನ್ನುತ್ತಾರೆ. ಸಂಜೆ ಮಾರುಕಟ್ಟೆಯಲ್ಲಿ ಬಿಳಿ ಬಟ್ಟೆ ಉಟ್ಟ ಬಡಗ ಅಜ್ಜಿಯರು ಸಿಕ್ಕರೆ ನಿಧಾನವಾಗಿ ಕನ್ನಡದಲ್ಲೇ ಮಾತನಾಡಿಸಿ ನೋಡಿ. ತಮಿಳು ಬಾರದ ನಮ್ಮ ಉಮ್ಮಂದಿರಿಗೆ ಮಾತಿಗೊಬ್ಬರು ಸಿಕ್ಕಾರು. ಬರುವಾಗ ತಾಜಾ ಕ್ಯಾರೆಟ್, ಚಹಾಪುಡಿ, ಊಟಿ ವರ್ಕಿ ತನ್ನಿ. ರಸ್ತೆ ಬದಿಯಲ್ಲಿ ಮಾರುವ 'ಅಸಲಿ' ನೀಲಗಿರಿ ಎಣ್ಣೆಯಲ್ಲಿ ನನಗಂತೂ ನಂಬಿಕೆಯಿಲ್ಲ.

ಬಟ್ಟೆಯ ವಿಷಯ: ಬೇಸಗೆಯಲ್ಲೂ ರಾತ್ರಿ ಚಳಿ ಇರುತ್ತದೆ. ಡಿಸೆಂಬರ್, ಜನವರಿಯಲ್ಲಿ ಹುಲ್ಲಿನ ಮೇಲೆ ಹಿಮ ಬೀಳುವುದುಂಟು. ಮಕ್ಕಳಿಗೆ ಟೋಪಿ, ಕಾಲುಚೀಲ, ಹಿರಿಯರಿಗೆ ಶಾಲು. ಉಬ್ಬಸ ಇರುವವರ ಇನ್‌ಹೇಲರ್, ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳು ಕೈಚೀಲದಲ್ಲೇ ಇರಲಿ, ಗಾಡಿಯ ಮೇಲೆ ಕಟ್ಟಿದ ಪೆಟ್ಟಿಗೆಯಲ್ಲಲ್ಲ. ಅವರವರ ಚೀಲ ಅವರವರೇ ಕಟ್ಟಲಿ. ಎಂಟು ವರ್ಷದ ಹುಡುಗನಿಗೂ ತನ್ನ ಮೂರು ಅಂಗಿ ಮಡಚಿಡಲು ಬರುತ್ತದೆ.

ನಾಲ್ಕನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಹೊರಡಿ. ದಾರಿಯಲ್ಲಿ ಪೈಕಾರದ ಹತ್ತಿರ ಅರ್ಧ ತಾಸು ನಿಂತರೂ ಹಗಲಿನಲ್ಲೇ ಕಾಡು ದಾಟಿಬಿಡಬಹುದು. ಮುದುಮಲೈ, ಬಂಡೀಪುರದಲ್ಲಿ ಜಿಂಕೆ ಕಂಡೇ ಕಾಣುತ್ತದೆ, ನಸೀಬಿದ್ದರೆ ಆನೆಯೂ. ಕಿಟಕಿ ಬದಿಯ ಸೀಟು ಈ ಸಲ ಅತ್ತೆಗೆ ಎಂದು ಮಕ್ಕಳಿಗೆ ಊಟಿಯಲ್ಲೇ ಹೇಳಿಟ್ಟಿರಿ. ಮನೆ ತಲುಪುವುದು ಶನಿವಾರ ರಾತ್ರಿಯಾಗುವಂತೆ ನೋಡಿಕೊಂಡರೆ ಭಾನುವಾರ ಎಲ್ಲರೂ ಮನೆಯಲ್ಲಿರುತ್ತಾರೆ. ಒಗೆಯುವ ಬಟ್ಟೆಯ ಚೀಲ ಬಿಚ್ಚುವ ಮೊದಲು ಎಲ್ಲರನ್ನೂ ಕರೆಯಿರಿ. ಊಟಿಗೆ ಹೋಗಿದ್ದವರು ನೀವೊಬ್ಬರೇ ಅಲ್ಲವಲ್ಲ!