ನಕಾಶೆಯ ಮೇಲೆ ಚಲಿಸುವ ಚುಕ್ಕೆ

ಸಹೋದರಿಯರೇ, ಮುಂದಿನ ಸಲ ಸೂಪರ್ ಮಾರ್ಕೆಟ್‌ಗೆ ಹೋದಾಗ ಒಂದು ಸಣ್ಣ ಕೆಲಸ ಮಾಡಿ. ಬೇರೆ ಊರಿನ ಓದುಗರು ಇದನ್ನು ಗಾಜಿನ ಬಾಗಿಲಿನ ದೊಡ್ಡ ಅಂಗಡಿ ಎಂದುಕೊಳ್ಳಬೇಡಿ. ಕಲಬುರಗಿಯವರಿಗೆ ಸೂಪರ್ ಮಾರ್ಕೆಟ್ ಎಂದರೆ ಒಂದಿಡೀ ಪೇಟೆ. ಬಟ್ಟೆ, ಬಳೆ, ಮೊಬೈಲು ಎಲ್ಲದಕ್ಕೂ ನಾವು ಹೋಗುವುದು ಅಲ್ಲಿಗೇ. ಅಲ್ಲಿ ಒಂದು ಕಡೆ ನಿಂತು ನಿಮ್ಮ ಮೊಬೈಲಿನಲ್ಲಿ ಗೂಗಲ್ ಮ್ಯಾಪ್ ತೆರೆಯಿರಿ. ಒಂದು ನೀಲಿ ಚುಕ್ಕೆ ಕಾಣುತ್ತದೆ. ಅದು ನೀವು. ಹುಮನಾಬಾದ್ ರಸ್ತೆಯ ಬಸ್ಸು ಹತ್ತಿ ಕಮಲಾಪುರಕ್ಕೆ ಹೊರಟರೆ ಆ ಚುಕ್ಕೆಯೂ ನಿಮ್ಮ ಜೊತೆ ಹೊರಡುತ್ತದೆ. ಮೂವತ್ತೈದು ನಲವತ್ತು ಕಿಲೋಮೀಟರ್ ದಾರಿಯಲ್ಲಿ ಬಸ್ಸು ನಿಂತಲ್ಲಿ ನಿಲ್ಲುತ್ತದೆ, ಹೊರಟಾಗ ಹೊರಡುತ್ತದೆ.

ಈಗ ಅದೇ ನಕಾಶೆಯಲ್ಲಿ ಕಮಲಾಪುರದ ಮೇಲೆ ಬೆರಳಿಟ್ಟು ನೇರವಾಗಿ ಪಶ್ಚಿಮಕ್ಕೆ ಸರಿಸುತ್ತಾ ಹೋಗಿ. ಅಕ್ಕಲಕೋಟೆಯ ಕಡೆಯಿಂದ ಸಾತಾರಾ ಪಕ್ಕಕ್ಕೆ, ಅಲ್ಲಿಂದ ಸಹ್ಯಾದ್ರಿ ದಾಟಿ ಸುಮಾರು 400 ಕಿಲೋಮೀಟರ್ ಹೋದರೆ ಹೆಚ್ಚು ಕಡಿಮೆ ದಾಭೋಳ ಎಂಬ ಊರಿನ ಹತ್ತಿರ ಸಮುದ್ರ ಸಿಗುತ್ತದೆ. ನಮ್ಮ ಕೆಂಪು ಬಾಳೆಹಣ್ಣಿನ ಊರೂ ಆ ಬಂದರೂ ಒಂದೇ ಅಕ್ಷಾಂಶದಲ್ಲಿವೆ. ಬಹಮನಿ ಸುಲ್ತಾನರ ಕಾಲದಲ್ಲಿ ದಾಭೋಳ ಈ ನಾಡಿನ ಬಾಗಿಲಾಗಿತ್ತು. ಬೀದರಿನಲ್ಲಿ ಮದ್ರಸ ಕಟ್ಟಿಸಿದ ಮಹಮೂದ್ ಗವಾನ್ 1453ರಲ್ಲಿ ಹಡಗಿನಿಂದ ಇಳಿದದ್ದು ಅಲ್ಲಿಯೇ. ಸಮುದ್ರಕ್ಕೂ ನಮಗೂ ಏನು ಸಂಬಂಧ ಎಂದು ಕೇಳುವ ಕಲಬುರಗಿಯವರಿಗೆ ನಾನು ಮೊದಲು ಇದನ್ನೇ ತೋರಿಸುವುದು.

ಈ ಸಲ ನಾನು ಹೇಳಹೊರಟಿರುವುದು ಸಮುದ್ರದ ಮೇಲಿನ ಚುಕ್ಕೆಗಳ ಬಗ್ಗೆ. ಹಾಯಿದೋಣಿಯಲ್ಲಿ ಹೊರಟವರ ದಾರಿಯನ್ನು ಮನೆಯಲ್ಲಿ ಕುಳಿತು ನಕಾಶೆಯಲ್ಲಿ ಹಿಂಬಾಲಿಸುವುದು ಈಗ ಯಾರಿಗೂ ಸಾಧ್ಯ. ದುಡ್ಡು ಬೇಡ, ಇಂಗ್ಲಿಷ್ ಪಾಂಡಿತ್ಯವೂ ಬೇಡ. ಹೆಣ್ಣುಮಕ್ಕಳ ಕೈಗೆ ಮೊಬೈಲ್ ಕೊಟ್ಟರೆ ಕೆಟ್ಟು ಹೋಗುತ್ತಾರೆ ಎಂದು ಗೊಣಗುವ ಮನೆಗಳಲ್ಲಂತೂ ಇದನ್ನು ಒಮ್ಮೆ ಮಾಡಿ ನೋಡಲೇಬೇಕು.

ಎಲ್ಲಿಂದ ಆರಂಭಿಸುವುದು? ನಾನಾದರೆ ‘ತಾರಿಣಿ’ಯಿಂದ ಎನ್ನುತ್ತೇನೆ. ಇದು ಗೋವಾದಲ್ಲಿ ಕಟ್ಟಿದ ನಮ್ಮ ನೌಕಾಪಡೆಯ ಹಾಯಿದೋಣಿ. ಉದ್ದ ಕೇವಲ 56 ಅಡಿ. 2017ರ ಸೆಪ್ಟೆಂಬರ್ 10ರಂದು ಆರು ಮಂದಿ ಮಹಿಳಾ ಅಧಿಕಾರಿಗಳು ಇದರಲ್ಲಿ ಗೋವಾದಿಂದ ಹೊರಟು, ಭೂಮಿಯನ್ನು ಸುತ್ತಿ, 2018ರ ಮೇ 21ರಂದು ಗೋವಾಕ್ಕೇ ಮರಳಿದರು. ಆರು ವರ್ಷಗಳ ನಂತರ, 2024ರ ಅಕ್ಟೋಬರ್ 2ರಂದು, ಅದೇ ದೋಣಿಯಲ್ಲಿ ಇಬ್ಬರೇ ಹೊರಟರು. ಕೇರಳದ ಕೋಝಿಕ್ಕೋಡಿನ ದಿಲ್ನಾ ಮತ್ತು ಪುದುಚೇರಿಯ ರೂಪಾ, ಇಬ್ಬರೂ ಲೆಫ್ಟಿನೆಂಟ್ ಕಮಾಂಡರುಗಳು. ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್, ನ್ಯೂಜಿಲೆಂಡಿನ ಲಿಟಲ್‌ಟನ್, ದಕ್ಷಿಣ ಅಮೆರಿಕದ ತುದಿಯಾಚೆಯ ಫಾಕ್‌ಲ್ಯಾಂಡ್ ದ್ವೀಪದ ಪೋರ್ಟ್ ಸ್ಟ್ಯಾನ್ಲಿ, ಆಫ್ರಿಕಾದ ಕೇಪ್ ಟೌನ್. ಈ ನಾಲ್ಕು ಕಡೆ ಮಾತ್ರ ತಂಗಿ 2025ರ ಮೇ 29ರಂದು ಗೋವಾ ತಲುಪಿದರು. ಅವರು ಕ್ರಮಿಸಿದ ದೂರ 25 ಸಾವಿರ ನಾಟಿಕಲ್ ಮೈಲಿಗೂ ಹೆಚ್ಚು. ಸಮುದ್ರದ ಒಂದು ಮೈಲಿ 1.852 ಕಿಲೋಮೀಟರ್. ಗುಣಾಕಾರವನ್ನು ಮಕ್ಕಳಿಗೆ ಬಿಡಿ.

ಮನೆಯ ಕಂಪ್ಯೂಟರಿನಲ್ಲಿ ಅಥವಾ ಮೊಬೈಲಿನಲ್ಲಿ ‘ಗೂಗಲ್ ಅರ್ಥ್’ ತೆರೆದು ಈ ಊರುಗಳನ್ನು ಒಂದೊಂದಾಗಿ ಹುಡುಕಿ ಗುರುತು ಹಾಕಿ. ಗುರುತಿನ ಪಕ್ಕದಲ್ಲಿ ತಾರೀಖು ಬರೆಯಿರಿ. ದೂರ ಅಳೆಯುವ ಪಟ್ಟಿಯ ಗುರುತು ಒತ್ತಿ ಒಂದು ಊರಿನಿಂದ ಇನ್ನೊಂದಕ್ಕೆ ಗೆರೆ ಎಳೆಯಿರಿ. ಅಲ್ಲಿಯೇ ಮಕ್ಕಳ ಪ್ರಶ್ನೆಗಳು ಶುರುವಾಗುತ್ತವೆ. ಇವರೇಕೆ ಇಷ್ಟು ದಕ್ಷಿಣಕ್ಕೆ ಇಳಿದರು? ನೇರ ಹೋಗಬಾರದಿತ್ತೆ? ಉತ್ತರ ಗಾಳಿಯಲ್ಲಿದೆ. ಎಂಜಿನ್ ನಂಬದೆ ಹಾಯಿ ನಂಬಿ ಹೋಗುವವರು ಗಾಳಿ ಇರುವಲ್ಲಿಗೇ ಹೋಗಬೇಕು. ದಕ್ಷಿಣಕ್ಕೆ 40 ಡಿಗ್ರಿ ದಾಟಿದರೆ ಪಶ್ಚಿಮದಿಂದ ಪೂರ್ವಕ್ಕೆ ಬಿರುಗಾಳಿ ವರ್ಷವಿಡೀ ಬೀಸುತ್ತದೆ. ತಡೆಯಲು ಅಲ್ಲಿ ನೆಲವೇ ಇಲ್ಲ. ‘ವಿಂಡಿ’ ಎಂಬ ಹವಾಮಾನದ ನಕಾಶೆ ತೆರೆದರೆ ಆ ಗಾಳಿ ಎಳೆ ಎಳೆಯಾಗಿ ಹರಿಯುವುದು ಕಣ್ಣಿಗೇ ಕಾಣುತ್ತದೆ.

ಗೋಳದ ಮೇಲೆ ನೋಡಿ ಎಂದದ್ದಕ್ಕೆ ಕಾರಣವಿದೆ. ಗೋಡೆಗೆ ತೂಗು ಹಾಕುವ ಚಪ್ಪಟೆ ನಕಾಶೆ ಧ್ರುವಗಳ ಕಡೆ ಹೋದಷ್ಟೂ ನೆಲವನ್ನು ಹಿಗ್ಗಿಸುತ್ತದೆ. ಅದರಲ್ಲಿ ಎಳೆದ ನೇರ ಗೆರೆ ಅತಿ ಹತ್ತಿರದ ದಾರಿ ಆಗಿರುವುದಿಲ್ಲ. ಇದು ನಮಗೆ ಹೊಸ ಮಾತಲ್ಲ. ಕಿಬ್ಲಾ ತೋರಿಸುವ ಆಪ್‌ನಲ್ಲಿ ಗೆರೆ ಬಿಲ್ಲಿನಂತೆ ಬಾಗಿರುವುದನ್ನು ನೋಡಿ, ಇದು ತಪ್ಪು ತೋರಿಸುತ್ತಿದೆ ಎಂದು ಹೇಳಿದವರು ನನಗೆ ಎಷ್ಟೋ ಮಂದಿ ಸಿಕ್ಕಿದ್ದಾರೆ. ಕಲಬುರಗಿಯಿಂದ ಮಕ್ಕಾಕ್ಕೆ ಚಪ್ಪಟೆ ನಕಾಶೆಯಲ್ಲಿ ಗೆರೆ ಎಳೆದರೆ ಪಶ್ಚಿಮದಿಂದ ಸುಮಾರು 7 ಡಿಗ್ರಿಯಷ್ಟೇ ಉತ್ತರಕ್ಕೆ ವಾಲುತ್ತದೆ. ದುಂಡಗಿನ ಭೂಮಿಯ ಲೆಕ್ಕದಲ್ಲಿ ಅದು ಸುಮಾರು 13 ಡಿಗ್ರಿ. ಆಪ್ ಸರಿಯಾಗಿಯೇ ಇದೆ. ಇಂಥ ಲೆಕ್ಕಕ್ಕಾಗಿಯೇ ಅಲ್‌ಬಿರೂನಿ ಸಾವಿರ ವರ್ಷಗಳ ಹಿಂದೆ, 1025ರಲ್ಲಿ, ಒಂದು ದೊಡ್ಡ ಗ್ರಂಥ ಬರೆದು ಮುಗಿಸಿದ್ದರು. ನಂಬಿಕೆ ಬಾರದಿದ್ದರೆ ಒಂದು ಮೂಸಂಬಿ ಹಣ್ಣಿನ ಮೇಲೆ ಎರಡು ಚುಕ್ಕೆ ಇಟ್ಟು ದಾರ ಬಿಗಿದು ನೋಡಿ.

ದಿಲ್ನಾ ಮತ್ತು ರೂಪಾ 2025ರ ಜನವರಿ ಕೊನೆಯಲ್ಲಿ ಹಾದುಹೋದ ಒಂದು ಜಾಗವಿದೆ. ಅದರ ಹೆಸರು ಪಾಯಿಂಟ್ ನೀಮೋ. ಶಾಂತ ಮಹಾಸಾಗರದ ದಕ್ಷಿಣದಲ್ಲಿದೆ. ಅಲ್ಲಿಂದ ಯಾವ ದಿಕ್ಕಿಗೆ ಹೋದರೂ ಹತ್ತಿರದ ನೆಲ 2,688 ಕಿಲೋಮೀಟರ್ ದೂರ. ಬಾಹ್ಯಾಕಾಶ ನಿಲ್ದಾಣ ತಲೆಯ ಮೇಲೆ ಹಾದುಹೋಗುವಾಗ ಅದರೊಳಗಿನವರೇ ಅತಿ ಹತ್ತಿರದ ಮನುಷ್ಯರು. ಏಕೆಂದರೆ ಅದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿದೆ. ಇದನ್ನು ತರಗತಿಯಲ್ಲಿ ಹೇಳಿದಾಗ ಕಮಲಾಪುರದ ಕಡೆಯಿಂದ ಬರುವ ಒಬ್ಬ ಹುಡುಗಿ ಕೇಳಿದಳು: “ಆಪಾ, ಹಂಗಾದ್ರ ಅವರು ಬದುಕ್ಯಾರಂತ ಅವರ ಅಮ್ಮಿಗಿ ಹ್ಯಾಂಗ್ ಗೊತ್ತಾಗ್ತದ?”

ಈ ವಿಷಯದ ತಿರುಳೇ ಆ ಪ್ರಶ್ನೆ. ‘ಗೋಲ್ಡನ್ ಗ್ಲೋಬ್’ ಎಂಬ ಒಂದು ಹಾಯಿದೋಣಿ ಸ್ಪರ್ಧೆ ಇದೆ. ಒಬ್ಬರೇ, ಎಲ್ಲಿಯೂ ನಿಲ್ಲದೆ, ಭೂಮಿ ಸುತ್ತಿ ಬರಬೇಕು. ಅದರ ನಿಯಮ ವಿಚಿತ್ರ. ದೋಣಿಯಲ್ಲಿರುವವರು ಜಿಪಿಎಸ್ ನೋಡುವಂತಿಲ್ಲ. ಹಳೆಯ ಕಾಲದಂತೆ ಸೂರ್ಯ ನಕ್ಷತ್ರಗಳ ಎತ್ತರ ಅಳೆದು ಕಾಗದದ ನಕಾಶೆಯಲ್ಲಿ ಗುರುತು ಹಾಕಿಕೊಳ್ಳಬೇಕು. ಆದರೆ ದೋಣಿಗೆ ಕಟ್ಟಿದ ಒಂದು ಸಣ್ಣ ಪೆಟ್ಟಿಗೆ ಉಪಗ್ರಹದ ಮೂಲಕ ತಾನಿರುವ ಜಾಗವನ್ನು ಕಳಿಸುತ್ತಲೇ ಇರುತ್ತದೆ. ಅಂದರೆ ತಾನೆಲ್ಲಿದ್ದೇನೆ ಎಂದು ನಾವಿಕನಿಗೆ ಸರಿಯಾಗಿ ಗೊತ್ತಿಲ್ಲದಿದ್ದರೂ ಮನೆಯಲ್ಲಿರುವ ತಾಯಿಗೆ ಗೊತ್ತಿರುತ್ತದೆ!

2018ರ ಸ್ಪರ್ಧೆಯಲ್ಲಿ ನಮ್ಮ ಅಭಿಲಾಷ್ ಟೋಮಿ ಇದ್ದರು. ಸೆಪ್ಟೆಂಬರ್ 21ರಂದು ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿಗೆ ಸಿಕ್ಕಿ ಅವರ ದೋಣಿಯ ಕೂವೆಮರ ಮುರಿಯಿತು, ಬೆನ್ನುಮೂಳೆಗೆ ಪೆಟ್ಟಾಗಿ ಅವರು ಏಳಲಾಗದೆ ಮಲಗಿಬಿಟ್ಟರು. ಆದರೆ ಚುಕ್ಕೆ ಎಲ್ಲಿದೆ ಎಂದು ದಡದವರಿಗೆ ತಿಳಿದಿತ್ತು. ನೌಕಾಪಡೆಯ ವಿಮಾನ ಹೋಗಿ ದೋಣಿಯನ್ನು ಪತ್ತೆ ಹಚ್ಚಿತು. ಫ್ರಾನ್ಸಿನ ‘ಒಸಿರಿಸ್’ ಎಂಬ ಹಡಗು ಸೆಪ್ಟೆಂಬರ್ 24ರಂದು ಅವರನ್ನು ಎತ್ತಿಕೊಂಡಿತು. ಅದೇ ಮನುಷ್ಯ ಮುಂದಿನ ಸ್ಪರ್ಧೆಗೆ ಮತ್ತೆ ಹೋಗಿ 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಬಂದರು. ಮೊದಲು ಬಂದದ್ದು ಯಾರು ಗೊತ್ತೆ? ದಕ್ಷಿಣ ಆಫ್ರಿಕಾದ ಕಿರ್ಸ್ಟನ್ ನೊಯ್‌ಷೇಫರ್ ಎಂಬ ಮಹಿಳೆ.

ಗೆಲ್ಲುವ ಮೊದಲು ಅವರು ಇನ್ನೊಂದು ಕೆಲಸ ಮಾಡಿದ್ದರು. 2022ರ ನವೆಂಬರ್‌ನಲ್ಲಿ ಫಿನ್ಲೆಂಡಿನ ಟಾಪಿಯೋ ಲೆಹ್ಟಿನೆನ್ ಎಂಬ ಸಹಸ್ಪರ್ಧಿಯ ದೋಣಿ ಕೆಲವೇ ನಿಮಿಷಗಳಲ್ಲಿ ಮುಳುಗಿತು. ಆತ ರಬ್ಬರಿನ ತೆಪ್ಪ ಹಿಡಿದು ಒಂದು ದಿನ ತೇಲಿದರು. ನೂರಕ್ಕೂ ಹೆಚ್ಚು ಮೈಲಿ ದೂರದಲ್ಲಿದ್ದ ಕಿರ್ಸ್ಟನ್ ಸ್ಪರ್ಧೆ ಬದಿಗಿಟ್ಟು ದೋಣಿ ತಿರುಗಿಸಿದರು. ತೆರೆಗಳ ನಡುವೆ ತೆಪ್ಪ ಅವರ ಕಣ್ಣಿಗೆ ಕಾಣಿಸುತ್ತಿರಲಿಲ್ಲ. ದಡದ ಕಚೇರಿಯಲ್ಲಿ ಪರದೆಯ ಮೇಲೆ ಎರಡೂ ಚುಕ್ಕೆಗಳನ್ನು ನೋಡುತ್ತಿದ್ದವರು ಜಾಗದ ಅಂಕಿಗಳನ್ನು ಹೇಳುತ್ತಾ ಹೋದರು. ಕೊನೆಗೆ ಆಕೆ ಹಗ್ಗ ಎಸೆದು ಆತನನ್ನು ಎಳೆದುಕೊಂಡರು. ಅಮ್ಮಿಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ ಹುಡುಗಿಗೆ ನಾನು ಹೇಳಿದ್ದು ಈ ಕತೆಯನ್ನೇ.

ಆದರೆ ಚುಕ್ಕೆಯನ್ನು ಓದಲು ಕಲಿಯದಿದ್ದರೆ ಅದು ಸಮಾಧಾನಕ್ಕಿಂತ ಗಾಬರಿಯನ್ನೇ ಹೆಚ್ಚು ಕೊಡುತ್ತದೆ. ಮಗನೋ ಗಂಡನೋ ಹಡಗಿನಲ್ಲಿ ದುಡಿಯುವ ಮನೆಗಳು ನಮ್ಮ ಓದುಗರಲ್ಲೂ ಇವೆ. ‘ಮರೀನ್ ಟ್ರಾಫಿಕ್’ ಎಂಬ ನಕಾಶೆಯಲ್ಲಿ ಹಡಗಿನ ಹೆಸರು ಬರೆದರೆ ಅದು ಎಲ್ಲಿದೆ ಎಂದು ತೋರಿಸುತ್ತದೆ. ಅಂತರರಾಷ್ಟ್ರೀಯ ಮಾರ್ಗದಲ್ಲಿ ಓಡಾಡುವ ಸುಮಾರು 300 ಟನ್‌ಗೆ ಮೇಲ್ಪಟ್ಟ ಹಡಗುಗಳೆಲ್ಲ ಎಐಎಸ್ ಎಂಬ ಯಂತ್ರದಿಂದ ತಮ್ಮ ಹೆಸರು, ಜಾಗ, ವೇಗ ಸಾರುತ್ತಿರಬೇಕೆಂಬ ನಿಯಮವಿದೆ. ಆ ರೇಡಿಯೋ ದನಿಯನ್ನು ಕೇಳಿಸಿಕೊಳ್ಳುವ ಗೋಪುರಗಳು ದಡದಲ್ಲಿವೆ. ಹಡಗು ದಡದಿಂದ ಸಾಕಷ್ಟು ದೂರ ಹೋದರೆ ಅವಕ್ಕೆ ಕೇಳಿಸುವುದಿಲ್ಲ. ಆಮೇಲೆ ಉಪಗ್ರಹವೇ ಕೇಳಬೇಕು, ಅದನ್ನು ನೋಡಲು ಹಣ ಕಟ್ಟಬೇಕು. ಬಿಟ್ಟಿ ನೋಡುವ ನಮಗೆ ಚುಕ್ಕೆ ಅರಬ್ಬಿ ಸಮುದ್ರದ ನಡುವೆ ನಿಂತುಬಿಟ್ಟಂತೆ ಕಾಣುತ್ತದೆ. ಅಷ್ಟಕ್ಕೇ ಅಳು, ಫೋನು, ಊರಿಗೆಲ್ಲ ಸುದ್ದಿ! ಚುಕ್ಕೆಯ ಪಕ್ಕದಲ್ಲಿ ಕೊನೆಯ ಸಂಕೇತ ಬಂದ ಸಮಯ ಬರೆದಿರುತ್ತದೆ. ಮೊದಲು ಅದನ್ನು ಓದಿ. ಹಡಗು ನಿಂತದ್ದಲ್ಲ, ನಮಗೆ ಕೇಳಿಸುವುದು ನಿಂತದ್ದು.

ಇನ್ನೂ ಒಂದು ಮಾತು. 2025ರ ಜೂನ್‌ನಲ್ಲಿ ಇಸ್ರೇಲ್-ಇರಾನ್ ಯುದ್ಧದ ಸಮಯ ಹೋರ್ಮುಜ್ ಜಲಸಂಧಿಯ ಸುತ್ತ ಜಿಪಿಎಸ್ ಸಂಕೇತಗಳನ್ನು ಕೆಡಿಸಲಾಗಿ, ಹಡಗುಗಳ ಚುಕ್ಕೆಗಳು ನೆಲದ ಮೇಲೆಲ್ಲ ಕಾಣಿಸಿಕೊಂಡವು. ಚುಕ್ಕೆಯೂ ಸುಳ್ಳು ಹೇಳುತ್ತದೆ. ಅಂಥ ಸಮಯದಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಬಂದ ನಕಾಶೆಯ ಚಿತ್ರವನ್ನು ಮುಂದಕ್ಕೆ ಕಳಿಸುವ ಬದಲು ಹಡಗಿನ ಕಂಪನಿಯವರಿಗೆ ಫೋನ್ ಮಾಡಿ ಕೇಳುವುದು ಮೇಲು.

ಜಿಪಿಎಸ್ ಇಲ್ಲದ ಕಾಲದಲ್ಲಿ ಅರಬ್ ನಾವಿಕರು ಹೇಗೆ ಹೋಗುತ್ತಿದ್ದರು ಎನ್ನುವುದನ್ನು ಮಾಳಿಗೆಯ ಮೇಲೆಯೇ ತೋರಿಸಬಹುದು. ಅವರ ಬಳಿ ‘ಕಮಾಲ್’ ಎಂಬ ಮರದ ಚಿಕ್ಕ ಹಲಗೆ ಇರುತ್ತಿತ್ತು. ಅದಕ್ಕೆ ಗಂಟುಗಳಿರುವ ದಾರ. ದಾರದ ಗಂಟನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯ ಕೆಳ ಅಂಚನ್ನು ದಿಗಂತಕ್ಕೆ, ಮೇಲಿನ ಅಂಚನ್ನು ಧ್ರುವ ನಕ್ಷತ್ರಕ್ಕೆ ಹೊಂದಿಸಿದರೆ ಎಷ್ಟು ಉತ್ತರದಲ್ಲಿದ್ದೇವೆ ಎಂದು ತಿಳಿಯುತ್ತಿತ್ತು. ಧ್ರುವ ನಕ್ಷತ್ರದ ಎತ್ತರವೇ ನಮ್ಮ ಅಕ್ಷಾಂಶ. ಕಲಬುರಗಿಯಲ್ಲಿ ಅದು 17 ಡಿಗ್ರಿ. ಕೈ ನೀಡಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ, ಅದರ ಮೇಲೆ ಇನ್ನು ನಾಲ್ಕು ಬೆರಳು ಇಟ್ಟರೆ ನಕ್ಷತ್ರ ಸಿಗುತ್ತದೆ. ನಂತರ ಮೊಬೈಲ್ ತೆಗೆದು ನೀಲಿ ಚುಕ್ಕೆಯ ಅಂಕಿಗೆ ತಾಳೆ ನೋಡಿ. ಮಕ್ಕಳಿಗೆ ಆಗುವ ಸಂತೋಷ ನೋಡಬೇಕು.

ಹಳೆಯ ರೀತಿಯ ಹಡಗು ಈಗಲೂ ಹೋಗಿ ಬಂದಿದೆ. ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿದು ಮಾಡಿದ ‘ಕೌಂಡಿನ್ಯ’ 2025ರ ಮೇ 21ರಂದು ನಮ್ಮ ಕಾರವಾರದಲ್ಲಿ ನೌಕಾಪಡೆ ಸೇರಿತು. ಅದರ ಹಾಯಿಯ ಮೇಲೆ ಗಂಡಭೇರುಂಡದ ಚಿತ್ರವಿದೆ. ಆ ವರ್ಷದ ಡಿಸೆಂಬರ್ 29ರಂದು ಗುಜರಾತಿನ ಪೋರಬಂದರಿನಿಂದ ಹೊರಟು 2026ರ ಜನವರಿ 14ರಂದು ಒಮಾನಿನ ಮಸ್ಕತ್ ತಲುಪಿತು. ಮಸ್ಕತ್‌ನಲ್ಲಿ ದುಡಿಯುವವರು ವಿಮಾನದಲ್ಲಿ ಕೆಲವು ಗಂಟೆಗಳಲ್ಲಿ ದಾಟುವ ನೀರು ಅದು. ಆ ಗೆರೆಯನ್ನೂ ಎಳೆದು ಅಳೆಯಿರಿ, ದಿನಗಳಿಂದ ಭಾಗಿಸಿ ದಿನಕ್ಕೆ ಎಷ್ಟು ಸಾಗಿತು ಎಂದು ಲೆಕ್ಕ ಹಾಕಿಸಿ.

ಹೊಲಿದ ಹಡಗುಗಳ ಬಗ್ಗೆ ಬರೆದವರಲ್ಲಿ ಇಬ್ನ್ ಬತೂತಾ ಕೂಡ ಒಬ್ಬರು. ಹದಿನಾಲ್ಕನೇ ಶತಮಾನದಲ್ಲಿ ಅವರು ನಮ್ಮ ಕರಾವಳಿಗುಂಟ ಹೋದರು. ಅವರ ದಾರಿಯನ್ನೂ ಹೀಗೆಯೇ ಗುರುತು ಹಾಕಬಹುದು. ಹೊನ್ನಾವರದಲ್ಲಿ ಅವರು ಕಂಡದ್ದನ್ನು ಮಾತ್ರ ಮರೆಯದೆ ಬರೆಯಿರಿ: ಹೆಣ್ಣುಮಕ್ಕಳಿಗೆ 13 ಶಾಲೆಗಳು, ಗಂಡುಮಕ್ಕಳಿಗೆ 23. ಅಲ್ಲಿನ ಹೆಂಗಸರಿಗೆ ಕುರ್‌ಆನ್ ಕಂಠಪಾಠವಾಗಿತ್ತೆಂದೂ, ಹೆಣ್ಣುಮಕ್ಕಳ ಇಷ್ಟೊಂದು ಶಾಲೆಗಳನ್ನು ತಾವು ಬೇರೆಲ್ಲೂ ನೋಡಲಿಲ್ಲವೆಂದೂ ಅವರು ಹೇಳಿದ್ದಾರೆ. ಶರಾವತಿ ಸಮುದ್ರ ಸೇರುವ ಜಾಗವನ್ನು ನಕಾಶೆಯಲ್ಲಿ ಹುಡುಕಿ. ಅಲ್ಲಿ ಒಂದು ಗುರುತು ಹಾಕಿ, ಪಕ್ಕದಲ್ಲಿ 13 ಎಂದು ನಿಮ್ಮ ಮಗಳ ಕೈಯಲ್ಲೇ ಬರೆಸಿ.