ತಾಯಿಯನ್ನು ಏನೆಂದು ಕೇಳಬೇಕು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ - 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಈ ಐದು ಊರುಗಳಲ್ಲಿ ಯಾವ ಸರ್ಕಾರಿ ಆಸ್ಪತ್ರೆಯ ಮುಂದಾದರೂ ಬೆಳಿಗ್ಗೆ ಸ್ವಲ್ಪ ಹೊತ್ತು ನಿಂತು ನೋಡಬೇಕು. ಹಳ್ಳಿಯಿಂದ, ತಾಂಡಾದಿಂದ ಬಸ್ಸು ಹತ್ತಿ ಬಂದ ತಾಯಂದಿರು ಮಗುವನ್ನು ಸೊಂಟಕ್ಕೇರಿಸಿಕೊಂಡು ಚೀಟಿಗೆ ಸಾಲು ನಿಂತಿರುತ್ತಾರೆ. ಚೀಟಿಯಾದ ಮೇಲೆ ವೈದ್ಯರ ಕೋಣೆಯ ಮುಂದೆ ಇನ್ನೊಂದು ಸಾಲು, ಔಷಧಿಗೆ ಮತ್ತೊಂದು. ಅಷ್ಟರಲ್ಲಿ ಊರಿನ ಬಸ್ಸು ತಪ್ಪೀತೆಂಬ ಆತಂಕ. ಹೊರಡುವವಳನ್ನು ತಡೆದು, 'ಹೇಗೆ ನೋಡಿದರವ್ವಾ?' ಎಂದು ಕೇಳಿದರೆ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: 'ಚಲೋ ನೋಡಿದ್ರು.'

ಈ ಉತ್ತರ ಸುಳ್ಳಲ್ಲ. ಆದರೆ ಅದರಿಂದ ತಿಳಿಯುವುದು ಏನೂ ಇಲ್ಲ. ಮಗುವಿಗೆ ಮತ್ತೆ ಜ್ವರ ಬಂದರೆ ಅದೇ ಬಾಗಿಲಿಗೆ ಬರಬೇಕಾದವಳು ಅಲ್ಲಿಯವರ ಎದುರಿನಲ್ಲಿ ಕೊರತೆ ಹೇಳಲಾರಳು. ಉಪಕಾರ ಮಾಡಿದವರನ್ನು ಆಡಿಕೊಳ್ಳಬಾರದೆಂಬ ಸಂಕೋಚವೂ ಉಂಟು.

ಸೇವೆ ಪಡೆದವರನ್ನೇ ಕೇಳಿ ಸೇವೆಯನ್ನು ಅಳೆಯುವುದು ಕರ್ನಾಟಕಕ್ಕೆ ಹೊಸದಲ್ಲ. 1994ರಲ್ಲಿ ಸ್ಯಾಮ್ಯುಯೆಲ್ ಪಾಲ್ ಅವರ ನೇತೃತ್ವದಲ್ಲಿ ಬೆಂಗಳೂರಿನ ನಾಗರಿಕರು ನಗರದ ಸೇವಾ ಸಂಸ್ಥೆಗಳಿಗೆ ಶಾಲೆಯ ಅಂಕಪಟ್ಟಿಯಂಥದೇ ಒಂದು ಪಟ್ಟಿಯನ್ನು ಕೊಟ್ಟರು. 1999ರಲ್ಲೂ 2003ರಲ್ಲೂ ಅದು ಮತ್ತೆ ನಡೆಯಿತು. ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ 'ಮೇರಾ ಅಸ್ಪತಾಲ್' ಯೋಜನೆಯನ್ನು ತಂದು, ರೋಗಿಗಳ ಅಭಿಪ್ರಾಯವನ್ನು ಮೊಬೈಲ್ ಸಂದೇಶ ಮತ್ತು ಕರೆಗಳ ಮೂಲಕ ಸಂಗ್ರಹಿಸಲು ತೊಡಗಿತು. ಉದ್ದೇಶ ಒಳ್ಳೆಯದೇ. ಆದರೆ ಹಳ್ಳಿಯ ಎಷ್ಟೋ ಮನೆಗಳಲ್ಲಿ ಮೊಬೈಲ್ ಇರುವುದು ಗಂಡನ ಜೇಬಿನಲ್ಲಿ. ಆಸ್ಪತ್ರೆಗೆ ಹೋದವಳು ಒಬ್ಬಳು, ಉತ್ತರ ಕೊಡುವವನು ಇನ್ನೊಬ್ಬ ಎಂಬಂತಾದರೆ ಸಮೀಕ್ಷೆ ಕುರುಡಾಗುತ್ತದೆ.

ಹಾಗಾದರೆ ಏನು ಕೇಳಬೇಕು? 'ತೃಪ್ತಿಯಾಯಿತೇ?' ಎಂದಲ್ಲ, 'ಏನು ನಡೆಯಿತು?' ಎಂದು. ತೃಪ್ತಿ ಮನಸ್ಸಿನ ಮಾತು. ನಡೆದದ್ದು ನೆನಪಿನ ಮಾತು; ಅದಕ್ಕೆ ಯಾರ ದಾಕ್ಷಿಣ್ಯವೂ ಬೇಕಿಲ್ಲ. ಎಷ್ಟು ಹೊತ್ತು ಕಾದಿರಿ? ಮಗುವನ್ನು ತೂಕ ಮಾಡಿದರೇ? ಅಂಗಿ ಎತ್ತಿ ಉಸಿರಾಟ ನೋಡಿದರೇ? ಔಷಧಿಯನ್ನು ಎಷ್ಟು ದಿನ, ಎಷ್ಟು ಹೊತ್ತಿಗೊಮ್ಮೆ ಕೊಡಬೇಕೆಂದು ಹೇಳಿದರೇ? ಯಾವ ಲಕ್ಷಣ ಕಂಡರೆ ತಡಮಾಡದೆ ಮರಳಿ ಬರಬೇಕೆಂದು ತಿಳಿಸಿದರೇ? ಹೊರಗೆ ಎಷ್ಟು ಹಣ ಖರ್ಚಾಯಿತು?

ಇವುಗಳಲ್ಲಿ ಕೊನೆಯದರ ಹಿಂದಿನ ಎರಡು ಪ್ರಶ್ನೆಗಳು, ಔಷಧಿಯದು ಮತ್ತು ಲಕ್ಷಣದ್ದು, ಮಗುವಿನ ಪ್ರಾಣಕ್ಕೇ ಸಂಬಂಧಿಸಿದವು. ಭೇದಿಯಾದ ಮಗುವಿಗೆ ಓಆರ್‌ಎಸ್ ಜೊತೆ ಕೊಡುವ ಜಿಂಕ್ ಮಾತ್ರೆಯನ್ನು, ಭೇದಿ ನಿಂತ ಮೇಲೂ ಸೇರಿಸಿ ಒಟ್ಟು 14 ದಿನ ಕೊಡಬೇಕು. ಹೇಳುವವರಿಲ್ಲದಿದ್ದರೆ ಮಾತ್ರೆ ಮೂರನೆಯ ದಿನಕ್ಕೇ ಗೂಡು ಸೇರುತ್ತದೆ. ಮಗು ಹಾಲು, ನೀರು ಕುಡಿಯದಿದ್ದರೆ, ಕುಡಿದದ್ದನ್ನೆಲ್ಲ ವಾಂತಿ ಮಾಡಿದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಎಚ್ಚರಗೊಳ್ಳದಂತೆ ಮಂಕಾದರೆ ಅದು ಅಪಾಯದ ಸೂಚನೆ. ಇದು ತಾಯಿಗೆ ಗೊತ್ತಿದ್ದರೆ ಬೆಳಗಾಗುವ ತನಕ ಕಾಯುವುದಿಲ್ಲ.

ಮಕ್ಕಳ ಚಿಕಿತ್ಸೆಯ ತರಬೇತಿಯಲ್ಲಿ ಆರೋಗ್ಯ ಕಾರ್ಯಕರ್ತರಿಗೆ ಒಂದು ಪಾಠ ಹೇಳುತ್ತಾರೆ. ತಾಯಿಯನ್ನು 'ತಿಳಿಯಿತೇ?' ಎಂದು ಕೇಳಬಾರದು, ಏಕೆಂದರೆ ಅವಳು 'ಹೂಂ' ಎನ್ನುತ್ತಾಳೆ. 'ಮನೆಯಲ್ಲಿ ಇದನ್ನು ಹೇಗೆ ಕೊಡುತ್ತೀರಿ?' ಎಂದು ಕೇಳಬೇಕು. ಸಮೀಕ್ಷೆಗೂ ಇದೇ ಪಾಠ ಸಲ್ಲುತ್ತದೆ.

ಯಾರನ್ನು, ಎಲ್ಲಿ ಕೇಳಬೇಕೆಂಬುದೂ ಮುಖ್ಯ. ಆಸ್ಪತ್ರೆಯ ಅಂಗಳದಲ್ಲಿ ಸಿಬ್ಬಂದಿಯ ಎದುರು ಬೇಡ. ನಾಲ್ಕಾರು ದಿನ ಕಳೆದ ಮೇಲೆ ಮನೆಯಲ್ಲಿ ಕೇಳಿದರೆ ನಿಜ ಹೊರಬರುತ್ತದೆ. ತಂದೆ ತಾಯಿ ಗುಳೆ ಹೋಗಿದ್ದರೆ ಮಗುವನ್ನು ಕರೆತಂದ ಅಜ್ಜಿಯೇ ಉತ್ತರಿಸಬೇಕು. ತಾಂಡಾದಲ್ಲಿ ಲಂಬಾಣಿ ಬಲ್ಲವರು ಜೊತೆಗಿರಬೇಕು. ಸಾಲು ನೋಡಿ ಹಿಂದಿರುಗಿದವರನ್ನೂ ಬಿಡಬಾರದು. ಆಸ್ಪತ್ರೆಯ ದಾಖಲೆಯಲ್ಲಿ ಅವರು ಇರುವುದೇ ಇಲ್ಲ. ಮಾತು ಬಲ್ಲ ಮಗುವನ್ನೂ ಕೇಳಬಹುದು: 'ಡಾಕ್ಟರು ನಿನ್ನ ಜೊತೆ ಮಾತಾಡಿದರಾ?'

ಈ ಭಾಗದ ಪ್ರೌಢಶಾಲೆ, ಕಾಲೇಜುಗಳ ವಿದ್ಯಾರ್ಥಿಗಳಿಗೆ ಇದಕ್ಕಿಂತ ಉಪಯುಕ್ತವಾದ ಯೋಜನಾ ಕಾರ್ಯ ಸಿಗುವುದು ಕಷ್ಟ. ಶಿಕ್ಷಕರ ಮಾರ್ಗದರ್ಶನದಲ್ಲಿ, ಪೋಷಕರ ಒಪ್ಪಿಗೆ ಪಡೆದು, ಹೆಸರು ಬರೆದುಕೊಳ್ಳದೆ ಹತ್ತು ಪ್ರಶ್ನೆ ಕೇಳಿದರೆ ಸಾಕು. ಗಣಿತ, ಸಮಾಜ ವಿಜ್ಞಾನ ಎರಡೂ ಅದರಲ್ಲಿವೆ. ಬಂದ ಉತ್ತರಗಳು ಕಡತದಲ್ಲಿ ಮಲಗಬಾರದು. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ತಲುಪಬೇಕು. ಉತ್ತರ ಕೊಟ್ಟ ತಾಯಂದಿರಿಗೂ ಅದರ ಫಲ ತಿಳಿಯಬೇಕು. ದೂರಿಗಾಗಿ ಅಲ್ಲ, ದುಡಿಯುವ ವೈದ್ಯರಿಗೂ ದಾದಿಯರಿಗೂ ಎಲ್ಲಿ ಕೈಗಳು ಸಾಲುತ್ತಿಲ್ಲವೆಂದು ತೋರಿಸಲು ಅದೇ ಸಾಕ್ಷಿ.

'ಚಲೋ ನೋಡಿದ್ರು' ಎಂದವಳಿಗೆ, ಏನೇನು ನೋಡಿದರೆಂದು ಇನ್ನೊಂದು ಪ್ರಶ್ನೆ ಕೇಳುವ ತಾಳ್ಮೆ ಬೇಕು, ಅಷ್ಟೇ.